ನಿಷ್ಠೆಗೂ ಒಂದು ಮುಯ್ಯಿ ಬೇಕು: ಭದ್ರಾವತಿ, ಕುದುರೆಮುಖ ಮತ್ತು ನಮ್ಮ ಊರಿನ ದುಡಿಮೆ

"ಈಗಿನ ಹುಡುಗರು ಒಂದು ಕೆಲಸದಲ್ಲಿ ನಿಲ್ಲೋದಿಲ್ಲ ಮಾರಾಯ." ನೆಮ್ಮಾರು, ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಯಾವ ಕಡೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ತೋಟದವರು ಹೇಳುತ್ತಾರೆ, ಗ್ಯಾರೇಜಿನವರು ಹೇಳುತ್ತಾರೆ, ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ಮ್ಯಾನೇಜರುಗಳೂ ಇದನ್ನೇ ಹೇಳುತ್ತಾರೆ. ಐಟಿಐ ಮುಗಿಸಿ ಹೋದ ಹುಡುಗ ಆರು ತಿಂಗಳಿಗೆ ಬ್ಯಾಗು ಹೊತ್ತು ವಾಪಸ್ ಬಂದರೆ ಮನೆಯವರಿಗೆ ಬೇಸರ, ಊರಿನವರಿಗೆ ಒಂದು ಕಥೆ. "ಕೆಲಸದ ಮೇಲೆ ನಿಷ್ಠೆ ಇಲ್ಲ" ಎಂದು ತೀರ್ಪು ಕೊಟ್ಟು ಮಾತು ಮುಗಿಸುತ್ತೇವೆ.

ಆ ತೀರ್ಪು ಸರಿಯೇ ಎಂದು ಈ ಬರಹದಲ್ಲಿ ನೋಡೋಣ. ಅದಕ್ಕೆ ನಮ್ಮ ಕಡೆಯದೇ ಇತಿಹಾಸ ಸಾಕು. ನಮ್ಮ ಮಲೆನಾಡಿನ ಅಂಚಿನಲ್ಲೇ ಎರಡು ದೊಡ್ಡ ಕಬ್ಬಿಣದ ಉದ್ಯಮಗಳು ಹುಟ್ಟಿದವು: ಒಂದು ಭದ್ರಾವತಿಯಲ್ಲಿ, ಇನ್ನೊಂದು ಕುದುರೆಮುಖದಲ್ಲಿ. ಜನ ಅಲ್ಲಿ ಇಡೀ ಆಯುಷ್ಯ ದುಡಿದರು. ಆ ನಿಷ್ಠೆ ಎಲ್ಲಿಂದ ಬಂತು, ಆಮೇಲೆ ಅದಕ್ಕೆ ಏನಾಯಿತು ಎಂಬುದು ಗೊತ್ತಾದರೆ ಇವತ್ತಿನ ಹುಡುಗನ ಬಗ್ಗೆ ತೀರ್ಪು ಕೊಡುವುದು ಅಷ್ಟು ಸುಲಭವಾಗುವುದಿಲ್ಲ.

ಮುಯ್ಯಾಳು ಮತ್ತು ಹುಟ್ಟಾಳು

ಮೊದಲು ಕಾರ್ಖಾನೆ ಬರುವುದಕ್ಕೂ ಮುಂಚಿನ ದುಡಿಮೆಯನ್ನು ನೋಡೋಣ. ನಮ್ಮಲ್ಲಿ ಎರಡು ಹಳೆಯ ಪದಗಳಿವೆ. ಎರಡರಲ್ಲೂ "ಆಳು" ಇದೆ. ಆದರೆ ಒಂದರ ಅರ್ಥಕ್ಕೂ ಇನ್ನೊಂದರ ಅರ್ಥಕ್ಕೂ ಅಜಗಜಾಂತರ.

ಮುಯ್ಯಾಳು ಎಂದರೆ ನಿಮಗೆ ಗೊತ್ತು. ಇವತ್ತು ನಿಮ್ಮ ಗದ್ದೆ ನಟ್ಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಸೊಪ್ಪು ತರುವುದಿರಲಿ, ಕೊಯ್ಲಿರಲಿ, ಅಡಿಕೆ ಸುಲಿಯುವುದಿರಲಿ, ದುಡ್ಡಿನ ಮಾತಿಲ್ಲ. ಬರೆದಿಡುವ ಪುಸ್ತಕವಿಲ್ಲ. ಆದರೂ ಯಾರು ಯಾರಿಗೆ ಎಷ್ಟು ಆಳು ಕೊಡಬೇಕು ಎಂಬುದು ಎಲ್ಲರಿಗೂ ನೆನಪಿರುತ್ತಿತ್ತು. ಮುಯ್ಯಿ ತೀರಿಸದವನಿಗೆ ಮುಂದಿನ ವರ್ಷ ಆಳು ಸಿಗುತ್ತಿರಲಿಲ್ಲ. ಹಾಗೆಯೇ ಬೇರೆಯವರ ಗದ್ದೆಯಲ್ಲಿ ಮೈಗಳ್ಳತನ ಮಾಡಿದವನ ಗದ್ದೆಯಲ್ಲೂ ಕೆಲಸ ಹಾಗೇ ಆಗುತ್ತಿತ್ತು.

ಹುಟ್ಟಾಳು ಬೇರೆ. ಹಳೆಯ ಮೈಸೂರು ಗೆಜೆಟಿಯರುಗಳಲ್ಲಿ ಮಲೆನಾಡಿನ ಹುಟ್ಟಾಳು, ಮಣ್ಣಾಳುಗಳ ಪ್ರಸ್ತಾಪ ಬರುತ್ತದೆ. ಹುಟ್ಟಿನಿಂದಲೇ ಒಂದು ಮನೆತನಕ್ಕೆ ಸೇರಿದ ಆಳು ಹುಟ್ಟಾಳು. ಮಣ್ಣಿನ ಜೊತೆಗೇ ಬರುವ ಆಳು ಮಣ್ಣಾಳು. ಜಮೀನು ಕೈ ಬದಲಾದರೆ ಅವನ ಯಜಮಾನನೂ ಬದಲಾಗುತ್ತಿದ್ದ. ಇವರೂ ಜೀವಮಾನವಿಡೀ ಒಂದೇ ಕಡೆ ದುಡಿದರು. ಹೊರಗಿನಿಂದ ನೋಡಿದವರಿಗೆ ಅದೂ "ನಿಷ್ಠೆ" ಎಂದೇ ಕಂಡಿರಬಹುದು. ಆದರೆ ಅವರಿಗೆ ಬಿಟ್ಟು ಹೋಗುವ ದಾರಿಯೇ ಇರಲಿಲ್ಲ.

ಮುಂಗಡದ ಕಥೆಯೂ ಇದಕ್ಕೆ ಹತ್ತಿರದ್ದೇ. ತೋಟಗಳಿಗೆ ಆಳು ಹಿಡಿದು ತರಲು ಮುಂಗಡ ಕೊಡುವುದು, ಅದನ್ನು ತೀರಿಸುವವರೆಗೆ ದುಡಿಸುವುದು ಹಳೆಯ ಪದ್ಧತಿ. ಬ್ರಿಟಿಷ್ ಸರ್ಕಾರ 1859ರಲ್ಲಿ ಒಂದು ಕಾಯ್ದೆಯನ್ನೇ ತಂದಿತ್ತು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟು ಹೋದರೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದು, ಜೈಲಿಗೂ ಕಳಿಸಬಹುದು. ಅಂದರೆ ಕೆಲಸಗಾರನ "ನಿಷ್ಠೆ ಇಲ್ಲದಿರುವುದು" ಅಪರಾಧವಾಗಿತ್ತು. ಕೆಲಸ ಕೊಟ್ಟವನು ಮಾತು ತಪ್ಪಿದರೆ ಅವನಿಗೆ ಜೈಲಿನ ಭಯ ಇರಲಿಲ್ಲ. ಆ ಕಾಯ್ದೆಯನ್ನು ತೆಗೆದುಹಾಕುವ ತೀರ್ಮಾನ ಆದದ್ದು 1925ರಲ್ಲಿ. ಜೀತ ಪದ್ಧತಿಯನ್ನು ದೇಶದಾದ್ಯಂತ ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ.

ಈ ಎರಡು ಪದಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಯ್ಯಾಳಿನ ನಿಷ್ಠೆಗೆ ಎರಡು ಕೈ, ಹುಟ್ಟಾಳಿನ ನಿಷ್ಠೆಗೆ ಒಂದೇ ಕೈ. ಮುಂದೆ ಬರುವ ಕಾರ್ಖಾನೆಗಳ ಕಥೆಯನ್ನು ಅಳೆಯಲು ಈ ಸೇರು ಸಾಕು.

ದೂರು ನಮ್ಮ ಊರಿನದು ಮಾತ್ರ ಅಲ್ಲ

ಕಾರ್ಖಾನೆ ಮೊದಲು ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿಯೂ ಮಾಲೀಕರ ಮೊದಲ ದೂರು ಇದೇ: ಜನ ಕೆಲಸಕ್ಕೆ ಸರಿಯಾಗಿ ಬರುವುದಿಲ್ಲ. ಶನಿವಾರ ಕೂಲಿ ಸಿಕ್ಕಿದರೆ ಭಾನುವಾರ ಕುಡಿತ, ಸೋಮವಾರ ಯಾರೂ ಇಲ್ಲ. ಅದಕ್ಕೆ ತಮಾಷೆಗೆ "ಸಂತ ಸೋಮವಾರ" ಎಂದೇ ಹೆಸರಿಟ್ಟಿದ್ದರು, ಅದೂ ಒಂದು ಹಬ್ಬ ಎನ್ನುವ ಹಾಗೆ. 1769ರಲ್ಲಿ ಎಟ್ರೂರಿಯಾ ಎಂಬಲ್ಲಿ ಪಿಂಗಾಣಿ ಕಾರ್ಖಾನೆ ತೆರೆದ ಜೊಸಾಯ ವೆಜ್‌ವುಡ್, ಜನರನ್ನು ಹೊತ್ತಿಗೆ ಸರಿಯಾಗಿ ಕರೆಸಲು ಗಂಟೆ ಬಾರಿಸುವ ವ್ಯವಸ್ಥೆ ಮಾಡಿದ. ಊರ ಜಾತ್ರೆ ಬಂದರೆ ಅವನ ಕೆಲಸಗಾರರೂ ಜಾತ್ರೆಗೇ ಹೋಗುತ್ತಿದ್ದರು. ನಮ್ಮ ಕಡೆ ದೀಪಾವಳಿಗೋ ಕೊನೆಕೊಯ್ಲಿಗೋ ರಜೆ ಹಾಕಿ ಬರುವವರನ್ನು ಬೈಯುವಾಗ ಇದು ನೆನಪಿರಲಿ.

ಅಮೆರಿಕದ ಫೋರ್ಡ್ ಕಾರು ಕಂಪನಿಯದು ಇನ್ನೂ ಸ್ಪಷ್ಟವಾದ ಪಾಠ. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಒಬ್ಬನಿಗೆ ಒಂದೇ ಕೆಲಸ, ಅದೇ ನಟ್ಟು, ಅದೇ ಬೋಲ್ಟು, ದಿನವಿಡೀ. ಬೇಸತ್ತ ಜನ ಬಿಟ್ಟು ಹೋಗತೊಡಗಿದರು. ಸುಮಾರು 14 ಸಾವಿರ ಕೆಲಸಗಾರರನ್ನು ಉಳಿಸಿಕೊಳ್ಳಲು ಆ ಒಂದು ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಕಂಪನಿ ದಿನಗೂಲಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿ 5 ಡಾಲರಿಗೆ ಏರಿಸಿತು, ಕೆಲಸದ ಅವಧಿಯನ್ನು 9 ಗಂಟೆಯಿಂದ 8ಕ್ಕೆ ಇಳಿಸಿತು. ಮರುದಿನಗಳಲ್ಲಿ ಗೇಟಿನ ಮುಂದೆ ಸಾವಿರಾರು ಜನ. ಬಿಟ್ಟು ಹೋಗುವವರ ಸಂಖ್ಯೆ ಬಿದ್ದುಹೋಯಿತು. ಆ ಕೂಲಿಯ ಜೊತೆ ಕೆಲಸಗಾರನ ಮನೆಗೇ ಬಂದು ಅವನ ನಡತೆ ತಪಾಸಣೆ ಮಾಡುವ ಷರತ್ತೂ ಇತ್ತು, ಅದು ಬೇರೆ ಮಾತು.

ಜನ ಅವರೇ, ಕೈ ಅದೇ, ಯಂತ್ರವೂ ಅದೇ. ಬದಲಾದದ್ದು ಕೊಡು-ಕೊಳ್ಳುವ ಲೆಕ್ಕ. ಹೋದ ವರ್ಷ "ನಿಲ್ಲದವರು" ಈ ವರ್ಷ ನಿಂತರು.

ಭದ್ರಾವತಿ: ಕಾಡಿನ ಸೌದೆ, ಊರಿನ ಹುಡುಗರು

ಈಗ ನಮ್ಮ ಕಡೆಗೆ ಬರೋಣ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರು. ಬೆಂಕಿಪುರ ಎಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ತೀರ್ಮಾನವಾದದ್ದು 1918ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ, ಸುಣ್ಣದ ಕಲ್ಲು ಭಂಡಿಗುಡ್ಡದಿಂದ, ನೀರು ಭದ್ರಾ ಹೊಳೆಯಿಂದ. ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಮಲೆನಾಡಿನ ಕಾಡಿನ ಸೌದೆಯನ್ನೇ ಇದ್ದಿಲು ಮಾಡಿ ಕುಲುಮೆಗೆ ಹಾಕುವ ಯೋಜನೆ. ಸೌದೆ ಸುಡುವಾಗ ಬರುವ ಡಾಂಬರು, ಮರದ ಮದ್ಯಸಾರಗಳನ್ನೂ ಬಿಡದೆ ಹಿಡಿದು ಮಾರುವ ಘಟಕವೂ ಇತ್ತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು.

ಹೊತ್ತಿದ್ದೇ ನಷ್ಟದ ಕಾಲದಲ್ಲಿ. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕ್ಕೆ ಬಿದ್ದಿತ್ತು. ಮುಚ್ಚಿಬಿಡಿ ಎಂದವರೂ ಇದ್ದರು. ಆಗ ಸರ್ಕಾರ, ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆದು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. 1923ರಿಂದ 1929ರವರೆಗೆ ಅವರು ಅದನ್ನು ನಡೆಸಿದರು. ಖರ್ಚು ಇಳಿಸಿದರು, ದುಬಾರಿ ಸಂಬಳದ ಅಮೆರಿಕನ್ ಪರಿಣತರ ಜಾಗಕ್ಕೆ ನಮ್ಮ ರಾಜ್ಯದ ಎಂಜಿನಿಯರುಗಳನ್ನು ತಂದರು. ಶಿಸ್ತಿನ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎಂದು ಪ್ರತ್ಯೇಕ ಹೇಳಬೇಕಿಲ್ಲ. ಕಷ್ಟಪಟ್ಟು ದುಡಿಯಬೇಕು, ಯೋಜನೆ ಹಾಕಿ ದುಡಿಯಬೇಕು, ಹೊತ್ತಿಗೆ ಸರಿಯಾಗಿ ಬರಬೇಕು ಎಂಬುದನ್ನು ಅವರು ಜೀವನವಿಡೀ ಹೇಳುತ್ತಲೇ ಬಂದರು.

ಇಷ್ಟು ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಇದೆ. ಅದರ ಇನ್ನೊಂದು ಮಗ್ಗುಲನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ವಿಶ್ವೇಶ್ವರಯ್ಯನವರು ಶಿಸ್ತನ್ನು ಕೇಳಿದ್ದು ಮಾತ್ರವಲ್ಲ, ಅದಕ್ಕೆ ಪ್ರತಿಯಾಗಿ ನಂಬಿಕೆಯನ್ನೂ ಕೊಟ್ಟರು. ಉಕ್ಕಿನ ವಿದ್ಯೆ ಭಾರತೀಯರ ಕೈಗೆ ದಕ್ಕದು ಎನ್ನುತ್ತಿದ್ದ ಕಾಲದಲ್ಲಿ ಸ್ಥಳೀಯ ಹುಡುಗರ ಕೈಗೆ ಕುಲುಮೆಯನ್ನು ಒಪ್ಪಿಸಿದರು. ಈ ಸೇವೆಗೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಇಟ್ಟುಕೊಳ್ಳದೆ, ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ 1943ರಲ್ಲಿ ಹುಟ್ಟಿದ್ದು ಹಾಗೆ. ಇಂದಿಗೂ ಅದು ಎಸ್.ಜೆ. ಪಾಲಿಟೆಕ್ನಿಕ್ ಎಂಬ ಹೆಸರಿನಲ್ಲಿ ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೇಳಿದವರು ಮುಯ್ಯಿಯನ್ನೂ ತೀರಿಸಿದರು.

ಕಾರ್ಖಾನೆ ಬೆಳೆಯಿತು. 1930ರ ದಶಕದಲ್ಲಿ ಉಕ್ಕು, ಸಿಮೆಂಟು ಬಂದವು. ಅದೇ ಊರಿಗೆ ಮೈಸೂರು ಕಾಗದ ಕಾರ್ಖಾನೆಯೂ ಬಂತು. ನ್ಯೂಟೌನ್, ಪೇಪರ್ ಟೌನ್ ಎಂದು ಬಡಾವಣೆಗಳೇ ಎದ್ದವು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ತಿಂಗಳ ಸಂಬಳ, ಭವಿಷ್ಯ ನಿಧಿ. ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದರು. ಮಲೆನಾಡಿನಲ್ಲಿ "ಭದ್ರಾವತಿಯಲ್ಲಿ ಕೆಲಸ" ಎಂದರೆ ಹೆಣ್ಣು ಕೊಡಲು ಎರಡನೇ ಮಾತಿಲ್ಲ ಎಂಬ ಕಾಲವಿತ್ತು.

ಕುಲುಮೆಯ ಕೆಲಸ ಸುಲಭದ್ದಲ್ಲ. ಅದನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಆಗುವುದಿಲ್ಲ. ಒಳಗೆ ಕರಗಿದ ಕಬ್ಬಿಣ ಹೆಪ್ಪುಗಟ್ಟಿದರೆ ಕುಲುಮೆಯೇ ಹಾಳು. ಮಳೆ ಇರಲಿ, ಹಬ್ಬ ಇರಲಿ, ಮೂರು ಪಾಳಿಯಲ್ಲೂ ಜನ ಇರಲೇಬೇಕು. ನಮ್ಮವರಿಗೆ ಇದು ಪೂರಾ ಹೊಸದೇನಲ್ಲ. ಕೊಯ್ದ ಅಡಿಕೆಯೂ ಕಾಯುವುದಿಲ್ಲ. ರಾತ್ರಿ ಎಷ್ಟೇ ಆಗಲಿ ಸುಲಿದು ಬೇಯಿಸಬೇಕು, ಇಲ್ಲದಿದ್ದರೆ ಬಣ್ಣವೂ ಇಲ್ಲ, ಬೆಲೆಯೂ ಇಲ್ಲ. ಅಡಿಕೆ ಮನೆಯಲ್ಲಿ ನಿದ್ದೆ ಕೆಟ್ಟು ಕಲಿತ ಜನ ಕುಲುಮೆಯ ಮುಂದೆ ನಿದ್ದೆ ಕೆಡಲು ಹಿಂಜರಿಯಲಿಲ್ಲ. ನಿದ್ದೆ ಕೆಟ್ಟದ್ದಕ್ಕೆ ಅರ್ಥ ಇದೆ ಎಂದು ಅನಿಸಬೇಕಿತ್ತು, ಅಷ್ಟೇ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಕಾಡಿನಲ್ಲಿ ಮರ ಕಡಿದು, ಜಿಗಣೆ ಮತ್ತು ಮಲೇರಿಯಾದ ನಡುವೆ ಸೌದೆ ಸಾಗಿಸಿದವರ ಕಥೆ ಕಾರ್ಖಾನೆಯ ಕಥೆಯಲ್ಲಿ ಬರುವುದೇ ಅಪರೂಪ. ಕ್ವಾರ್ಟರ್ಸಿನ ಒಳಗಿದ್ದವರಿಗೆ ಸಿಕ್ಕ ಮುಯ್ಯಿ ಹೊರಗಿದ್ದವರಿಗೂ ಅಷ್ಟೇ ಸಿಕ್ಕಿತು ಎಂದು ಹೇಳುವ ಧೈರ್ಯ ನಮಗಿಲ್ಲ.

ಕುದುರೆಮುಖ: ನಿಲ್ಲಬಾರದ ಕೊಳವೆ

ನೆಮ್ಮಾರಿನಿಂದ ತುಂಗೆಯ ಪಕ್ಕದಲ್ಲೇ ಕೆರೆಕಟ್ಟೆ ದಾಟಿ ಎಸ್.ಕೆ. ಬಾರ್ಡರಿಗೆ ಹೋದರೆ, ಒಂದು ದಾರಿ ಕಾರ್ಕಳಕ್ಕೆ ಇಳಿಯುತ್ತದೆ, ಇನ್ನೊಂದು ಕುದುರೆಮುಖಕ್ಕೆ ಹೋಗುತ್ತದೆ. ಅಲ್ಲಿನ ಗುಡ್ಡದಲ್ಲಿ ಕಬ್ಬಿಣ ಇದೆ ಎಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಜಾಗ ದುರ್ಗಮ, ಮಳೆ ವಿಪರೀತ. ಹಾಗಾಗಿ ಆರು ದಶಕ ಅದು ಹಾಗೇ ಉಳಿಯಿತು.

1975ರಲ್ಲಿ ಇರಾನಿನ ಜೊತೆ ಒಪ್ಪಂದವಾಯಿತು. ಅವರು ಸಾಲ ಕೊಡುವುದು, ನಾವು ವರ್ಷಕ್ಕೆ 75 ಲಕ್ಷ ಟನ್ ಶುದ್ಧೀಕರಿಸಿದ ಅದಿರು ಕೊಡುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಜೀತ ರದ್ದತಿ ಕಾಯ್ದೆ ಬಂದ ವರ್ಷವೂ ಅದೇ ಎಂಬುದನ್ನು ಗಮನಿಸಿ. ಮುಂಗಡಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದ ಮನೆಗಳ ಕಣ್ಣಿಗೆ ತಿಂಗಳ ಕೊನೆಗೆ ಸಂಬಳದ ಚೀಟಿ ಕೊಡುವ ಕೆಲಸ ಹೇಗೆ ಕಂಡಿರಬೇಕು, ಯೋಚಿಸಿ.

ಕೆಲಸ ಮುಗಿಯುವ ಹೊತ್ತಿಗೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿ. ಅದಿರು ಕೊಳ್ಳಬೇಕಿದ್ದವರೇ ಇಲ್ಲ. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಬೇಕಾಯಿತು. ಮಂಗಳೂರಿನಲ್ಲಿ ಅದಿರಿನ ಉಂಡೆ ಕಟ್ಟುವ ಘಟಕವೂ ಬಂತು. ಬಿದ್ದೇ ಹೋಯಿತು ಎಂದುಕೊಂಡ ಯೋಜನೆ ಎದ್ದು ನಿಂತಿತು.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಗುಡ್ಡದ ಅದಿರನ್ನು ಪುಡಿ ಮಾಡಿ, ನೀರು ಬೆರೆಸಿ, ಅಯಸ್ಕಾಂತದಿಂದ ಕಬ್ಬಿಣದ ಭಾಗವನ್ನು ಬೇರ್ಪಡಿಸುವುದು. ಆ ಕೆಸರಿನಂಥ ರಾಡಿಯನ್ನು 67 ಕಿಲೋಮೀಟರ್ ಉದ್ದದ ಉಕ್ಕಿನ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುವುದು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಕೊಳವೆಯಲ್ಲಿ ಹರಿವು ನಿಂತರೆ ಅದಿರು ತಳಕ್ಕೆ ಕೂತು ಕಟ್ಟಿಕೊಳ್ಳುತ್ತದೆ. ಇಲ್ಲಿಯೂ ಹಗಲು ರಾತ್ರಿ ಕಾವಲು. ಅದೂ ಎಂಥ ಮಳೆಯಲ್ಲಿ! ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಗುಡ್ಡದಲ್ಲಿ, ಜುಲೈ ತಿಂಗಳ ನಡುರಾತ್ರಿ ಪಾಳಿಗೆ ಹೋಗುವುದೆಂದರೆ ಏನು ಎಂದು ನೆಮ್ಮಾರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯೂ ಒಂದು ಊರೇ ಕಟ್ಟಲಾಗಿತ್ತು. ಮನೆ, ಶಾಲೆ, ಆಸ್ಪತ್ರೆ, ಬಸ್ಸು. ಭದ್ರಾವತಿಯ ಹಾಗೆ ಇಲ್ಲಿಯೂ ಒಪ್ಪಂದ ಸರಳ: ನೀನು ಕೊಳವೆ ನಿಲ್ಲದ ಹಾಗೆ ನೋಡಿಕೋ, ನಿನ್ನ ಮಕ್ಕಳ ಓದು, ನಿನ್ನ ಕಾಯಿಲೆ, ನಿನ್ನ ಮುಪ್ಪು ನಾವು ನೋಡಿಕೊಳ್ಳುತ್ತೇವೆ.

ಆದರೆ ಈ ಲೆಕ್ಕದಲ್ಲಿ ಒಬ್ಬರನ್ನು ಸೇರಿಸಿಯೇ ಇರಲಿಲ್ಲ. ಅದು ಭದ್ರಾ ಹೊಳೆ ಮತ್ತು ಅದರ ಸುತ್ತಲಿನ ಕಾಡು. ಗಣಿಯ ಕೆಂಪು ಹೂಳು ಮಳೆಗಾಲದಲ್ಲಿ ಹೊಳೆ ಸೇರುತ್ತಿತ್ತು. ಕೆಳಗಿನ ರೈತರು, ಪರಿಸರದವರು ದನಿ ಎತ್ತಿದರು. 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಅಧಿಸೂಚಿಸಲಾಗಿತ್ತು. ಗಣಿ ಗುತ್ತಿಗೆಯ ಅವಧಿ 1999ಕ್ಕೆ ಮುಗಿದಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಆಗ ಕಂಪನಿ ನಷ್ಟದಲ್ಲಿ ಇರಲಿಲ್ಲ, ಲಾಭದಲ್ಲೇ ಇತ್ತು. ಕೆಲಸಗಾರರು ಮೈಗಳ್ಳರೂ ಅಲ್ಲ. ಅವರು ತಮ್ಮ ಪಾಲಿನ ಮಾತನ್ನು ಉಳಿಸಿಕೊಂಡಿದ್ದರು. ಆದರೂ ಊರು ಖಾಲಿಯಾಯಿತು. ಕಾಡು, ಹೊಳೆ ಉಳಿಯಬೇಕಿತ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲ ಇರುವುದೂ ಆ ಗುಡ್ಡಗಳಲ್ಲೇ. ಹೊಳೆಗೆ ಕೊಡಬೇಕಾದ ಮುಯ್ಯಿಯನ್ನು ಮೇಲಿನವರು ಮೊದಲೇ ಕೊಟ್ಟಿದ್ದರೆ, ಅದರ ಸಾಲ ಕೊನೆಗೆ ಕೆಲಸಗಾರನ ಮನೆಯ ಬಾಗಿಲಿಗೆ ಬರುತ್ತಿರಲಿಲ್ಲ ಎಂದಷ್ಟೇ ನಮ್ಮ ಮಾತು.

ನೂರು ವರ್ಷಕ್ಕೆ ಬಂದ ಕಾಗದ

ಭದ್ರಾವತಿಯ ಕೊನೆ ಬೇರೆ ರೀತಿಯದು. ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಬಂತು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಸ್ವಂತ ಅದಿರು ಗಣಿ ಇಲ್ಲ, ಯಂತ್ರಗಳು ಹಳೆಯವು, ಹೊಸ ಬಂಡವಾಳ ಬರಲಿಲ್ಲ. ಕಾಯಂ ಕೆಲಸಗಾರರು ನಿವೃತ್ತರಾದರೆ ಆ ಜಾಗಕ್ಕೆ ಕಾಯಂ ನೇಮಕವಿಲ್ಲ. ಗುತ್ತಿಗೆಯವರು ಬಂದರು. ಪಕ್ಕದ ಕಾಗದ ಕಾರ್ಖಾನೆಯಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತೇ ಹೋಯಿತು.

2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ. ಆಗ ಉಳಿದಿದ್ದ ಕಾಯಂ ಕೆಲಸಗಾರರು ಕೆಲವು ನೂರು ಮಂದಿ ಮಾತ್ರ, ಗುತ್ತಿಗೆಯವರು ಸಾವಿರಕ್ಕೂ ಹೆಚ್ಚು. ಗೇಟಿನ ಮುಂದೆ ಧರಣಿ ಕೂತವರು ಯಾರು ಗೊತ್ತೇ? ಗುತ್ತಿಗೆ ಕಾರ್ಮಿಕರು. ಕಾಗದದ ಪ್ರಕಾರ ಆ ಕಾರ್ಖಾನೆಗೆ ಸೇರಿಯೇ ಇಲ್ಲದವರು, ವರ್ಷಗಟ್ಟಲೆ ಅಲ್ಲಿ ದುಡಿದರೂ "ನಮ್ಮವರು" ಎನಿಸಿಕೊಳ್ಳದವರು, ಕಾರ್ಖಾನೆ ಉಳಿಯಬೇಕು ಎಂದು ತಿಂಗಳುಗಟ್ಟಲೆ ಕೂತರು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ವಿಭಾಗದಲ್ಲಿ ಮತ್ತೆ ಉತ್ಪಾದನೆ ಶುರುವಾಯಿತು.

ಈಗಿನ ಕೆಲಸಗಾರರಿಗೆ ನಿಷ್ಠೆ ಇಲ್ಲ ಎನ್ನುವವರು ಈ ಧರಣಿಯನ್ನು ಹೇಗೆ ವಿವರಿಸುತ್ತಾರೆ? ನಿಷ್ಠೆ ಇತ್ತು. ಅದರ ಮುಯ್ಯಿ ಎಂದೋ ನಿಂತುಹೋಗಿತ್ತು.

ಮುಯ್ಯಿ ಪೂರಾ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರದ ನರಸಾಪುರ ಸಾಕ್ಷಿ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ ಕೆಲಸಗಾರರ ಸಿಟ್ಟು ಒಡೆದು ಗಾಜು, ಯಂತ್ರ, ವಾಹನಗಳ ಮೇಲೆ ಬಿತ್ತು. ಮೊದಲ ದಿನ ಕೇಳಿದ್ದು ಒಂದೇ ಮಾತು: ಹುಡುಗರು ದಾಂಧಲೆ ಮಾಡಿದರು. ಆಮೇಲೆ ತಪಾಸಣೆ ನಡೆದಾಗ ಒಂದೊಂದೇ ಹೊರಗೆ ಬಂತು. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಇಮ್ಮಡಿಯಾಗಿತ್ತು, ಹೆಚ್ಚಿನವರು ಗುತ್ತಿಗೆಯವರು, ಪಾಳಿ 12 ಗಂಟೆಗೆ ಏರಿತ್ತು, ಸಂಬಳದ ಲೆಕ್ಕ ತಪ್ಪಿತ್ತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿರಲಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಗಾಜು ಒಡೆದದ್ದು ಸರಿ ಎಂದು ನಾವು ಹೇಳುತ್ತಿಲ್ಲ. ಆದರೆ ದುಡಿದ ಗಂಟೆಯನ್ನೇ ಎಣಿಸದ ಕಡೆ ನಿಷ್ಠೆಯನ್ನು ಹುಡುಕುವುದು ಹೇಗೆ?

ಹಾಗಾದರೆ ನಮ್ಮ ಮಕ್ಕಳಿಗೆ ಏನು ಹೇಳುವುದು?

ದುಡಿಯುವವನ ಕಡೆಯೂ ಒಂದು ಋಣ ಇದೆ. ಮುಯ್ಯಾಳಿನ ನಿಯಮ ಎರಡೂ ಕಡೆಗೆ. ಹೇಳದೆ ಕೇಳದೆ ಗೈರುಹಾಜರಾದರೆ ಪಕ್ಕದ ಯಂತ್ರದವನ ಮೇಲೆ ಭಾರ ಬೀಳುತ್ತದೆ. ಕುಡಿದು ಪಾಳಿಗೆ ಬಂದರೆ ಇನ್ನೊಬ್ಬನ ಕೈ ಬೆರಳು ಹೋಗಬಹುದು. ಕೆಲಸ ಕಲಿಯದೆ ಸಂಬಳ ಮಾತ್ರ ಎಣಿಸಿದರೆ ನಾಳೆ ಆ ಕೈಗೆ ಬೆಲೆಯಿಲ್ಲ. ಭದ್ರಾವತಿ, ಕುದುರೆಮುಖದಲ್ಲಿ ರಾತ್ರಿ ಪಾಳಿ ಮಾಡಿದವರಿಂದ ಕಲಿಯಲು ಇಂದಿಗೂ ಬೇಕಾದಷ್ಟಿದೆ.

ಆದರೆ ಅವರು ನಿಂತದ್ದು ಅವರು ಮಾತ್ರ ಒಳ್ಳೆಯವರು, ಇಂದಿನವರು ಕೆಟ್ಟವರು ಎಂಬ ಕಾರಣಕ್ಕಲ್ಲ. ನಿಲ್ಲುವುದಕ್ಕೆ ನೆಲ ಇತ್ತು. ಇವತ್ತಿನ ಹುಡುಗನಿಗೆ ಹನ್ನೊಂದು ತಿಂಗಳ ಕಾಗದ, ಹನ್ನೆರಡನೇ ತಿಂಗಳಿಗೆ ಹೊಸ ಗುತ್ತಿಗೆದಾರ. ಹೆಸರು "ಟ್ರೈನಿ", ಕೆಲಸ ಕಾಯಂನವನದೇ. ಸಂಬಳದ ಅರ್ಧ ಬೆಂಗಳೂರಿನ ರೂಮಿನ ಬಾಡಿಗೆಗೆ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 2023ರಲ್ಲಿ ನಮ್ಮ ರಾಜ್ಯ ವಾರದ ಮಿತಿ ಅಷ್ಟೇ ಇಟ್ಟು, ದಿನಕ್ಕೆ 12 ಗಂಟೆಯವರೆಗೂ ದುಡಿಸಲು ಅವಕಾಶ ಕೊಡುವ ತಿದ್ದುಪಡಿ ತಂದಿತು. ಕಾರ್ಖಾನೆ ಅವನಿಂದ ಕೇಳುವುದು ಭದ್ರಾವತಿಯ ನಿಷ್ಠೆ, ಕೊಡುವುದು ದಿನಗೂಲಿಯ ಭರವಸೆ. ಅವನು ಇನ್ನೂ ಎರಡು ಸಾವಿರ ಹೆಚ್ಚು ಸಿಗುವ ಕಡೆ ಹೋದರೆ ಅದು ನಿಷ್ಠೆ ಇಲ್ಲದಿರುವುದಲ್ಲ, ಲೆಕ್ಕ ಗೊತ್ತಿರುವುದು.

ಹಾಗಾಗಿ ಮನೆಯಿಂದ ಮಗನೋ ಮಗಳೋ ಕಾರ್ಖಾನೆ ಕೆಲಸಕ್ಕೆ ಹೊರಟಾಗ "ನಿಯತ್ತಾಗಿ ದುಡಿ" ಎಂದು ಹೇಳಿ. ಅದರ ಜೊತೆಗೇ ಇನ್ನೂ ನಾಲ್ಕು ಮಾತು ಹೇಳಿ. ನೇಮಕಾತಿ ಪತ್ರ ಕೇಳಿ ತೆಗೆದುಕೋ. ಪಿಎಫ್ ಮತ್ತು ಇಎಸ್ಐ ನಂಬರು ನಿನ್ನ ಹೆಸರಿನಲ್ಲೇ ಇದೆಯೇ ನೋಡಿಕೋ. ಪ್ರತಿ ತಿಂಗಳ ಸಂಬಳದ ಚೀಟಿ ಫೋನಿನಲ್ಲಿ ಇಟ್ಟುಕೋ. ಹೆಚ್ಚುವರಿ ಗಂಟೆಗೆ ಇಮ್ಮಡಿ ದರ ಸಿಗಬೇಕು ಎಂಬುದು ನೆನಪಿರಲಿ. ಇವು ಜಗಳದ ಮಾತಲ್ಲ. ಮುಯ್ಯಾಳಿನ ಕಾಲದಲ್ಲಿ ಇವನ್ನೆಲ್ಲ ಊರೇ ನೆನಪಿಟ್ಟುಕೊಳ್ಳುತ್ತಿತ್ತು. ಬೆಂಗಳೂರಿನಲ್ಲಿ ಆ ಊರಿಲ್ಲ, ಕಾಗದವೇ ನೆನಪು.

ಇನ್ನೊಂದು ಮಾತು ನಮ್ಮ ತೋಟ, ಗದ್ದೆ, ಗ್ಯಾರೇಜು, ಅಂಗಡಿಗಳಿಗೂ ಸೇರಬೇಕು. ಆಳು ನಿಲ್ಲುವುದಿಲ್ಲ ಎಂದು ಬೇಸರಪಡುವ ಮೊದಲು, ಅವರು ನಿಲ್ಲಲು ನಾವು ಏನು ಕೊಟ್ಟಿದ್ದೇವೆ ಎಂದು ಒಮ್ಮೆ ಎಣಿಸಬೇಕು. ಮರದಿಂದ ಬಿದ್ದ ಕೊನೆಗಾರನಿಗೆ ವಿಮೆ ಇತ್ತೇ? ಮಳೆಗಾಲದಲ್ಲಿ ಕೆಲಸ ಇಲ್ಲದ ದಿನ ಅವರ ಮನೆ ಹೇಗೆ ನಡೆಯಿತು? ಹುಟ್ಟಾಳಿನ ಕಾಲ ಕಾನೂನಿನಲ್ಲಿ ಮುಗಿದು ಸುಮಾರು ಐವತ್ತು ವರ್ಷವಾಯಿತು. ನಮ್ಮ ಮಾತಿನಲ್ಲೂ ಅದು ಮುಗಿಯಬೇಕು.

ಮುಂದಿನ ಬಾರಿ ಊರಿನ ಹುಡುಗ ಕೆಲಸ ಬಿಟ್ಟು ಬಂದನೆಂದು ಕೇಳಿದಾಗ "ಯಾಕೆ ನಿಲ್ಲಲಿಲ್ಲ?" ಎಂದು ಕೇಳುವ ಮೊದಲು "ಅಲ್ಲಿ ನಿನಗೆ ಏನು ಕೊಟ್ಟರು?" ಎಂದು ಕೇಳಿ ನೋಡಿ. ಉತ್ತರ ಕೇಳಿದ ಮೇಲೆ ಬೇಕಾದರೆ ಬೈಯಿರಿ.